ಕೆಂಪು ನೆಲ, ಸಪ್ಪೆ ಕೆಂಪು: ಒಂದು ವಾರಾಂತ್ಯದ ಚಿತ್ರಕಲಾ ಶಿಬಿರದ ವಿಮರ್ಶೆ

ಬೆಂಗಳೂರಿನ ಬಸವನಗುಡಿಯ ಹಳೆಯ ಮನೆಯೊಂದರಲ್ಲಿ ಶನಿವಾರ ಮತ್ತು ಭಾನುವಾರ ನಡೆಯುವ ಈ ಶಿಬಿರಕ್ಕೆ ಇರುವುದು ಒಂದೇ ವಿಷಯ: ಕಣ್ಣೆದುರಿಗಿನ ಒಂದು ಕೋಣೆಯನ್ನು ಅದು ಮನಸ್ಸಿಗೆ ತಟ್ಟಿದ ರೀತಿಯಲ್ಲಿ, ಗಾಢವಾದ ಅಕ್ರಿಲಿಕ್ ಬಣ್ಣಗಳಲ್ಲಿ ಚಿತ್ರಿಸುವುದು. ಶುಲ್ಕ 4,800 ರೂಪಾಯಿ; ಬಣ್ಣ, ಕುಂಚ, ಎರಡು ಕ್ಯಾನ್ವಾಸ್ ಬೋರ್ಡು, ಮಧ್ಯಾಹ್ನದ ಊಟ ಮತ್ತು ಕಾಫಿ ಅದರಲ್ಲಿಯೇ ಸೇರಿವೆ. ನಗರದಲ್ಲಿ ಈಗ ಇಂಥ ಶಿಬಿರಗಳಿಗೆ ಕೊರತೆಯಿಲ್ಲ, ಆದರೆ ಅವುಗಳಲ್ಲಿ ಹೆಚ್ಚಿನವು ಎಲ್ಲರೂ ಒಂದೇ ಮಾದರಿ ಚಿತ್ರವನ್ನು ನಕಲು ಮಾಡಿ ಮನೆಗೆ ಒಯ್ಯುವ ಸಂಜೆಯ ಮನರಂಜನೆಗಳು. ಇದು ಆ ಜಾತಿಗೆ ಸೇರಿದ್ದಲ್ಲ; ಇಲ್ಲಿ ನಿಜವಾದ ಪಾಠವಿದೆ, ಮತ್ತು ಆ ಪಾಠ ಕೊಟ್ಟ ಹಣಕ್ಕಿಂತ ಹೆಚ್ಚಿನ ಬೆಲೆಯದು. ತೊಂದರೆಯಿರುವುದು ಪಾಠದ ಜೊತೆಗೆ ಕೈಗಿಡುವ ಬಣ್ಣದ ಪೆಟ್ಟಿಗೆಯಲ್ಲಿ. ಸಂಘಟಕರ ಹೆಸರನ್ನು ಬರೆಯದಿರಲು ಕಾರಣವೂ ಅದೇ: ನನ್ನ ಮುಖ್ಯ ಆಕ್ಷೇಪ ಇವರೊಬ್ಬರಿಗೇ ಅನ್ವಯಿಸುವಂಥದ್ದಲ್ಲ.

ಮೊದಲು ಕೋಣೆಯ ವಿಷಯ. ಚಿತ್ರಿಸಲು ಕೊಡುವ ಕೋಣೆಯನ್ನು ಆರಿಸಿದವರಿಗೆ ಕಣ್ಣಿದೆ. ಕೆಂಪು ಆಕ್ಸೈಡಿನ ಹಳೆಯ ನೆಲ, ದಶಕಗಳ ಕಾಲ ಒರೆಸಿ ಒರೆಸಿ ಹೊಳಪು ಬಂದದ್ದು. ಸುಣ್ಣ ಬಳಿದ ತಿಳಿಹಳದಿ ಗೋಡೆ. ಹಸಿರು ಬಣ್ಣದ ಮರದ ಕಿಟಕಿ, ಅದಕ್ಕೆ ಅಡ್ಡಲಾಗಿ ಕಬ್ಬಿಣದ ಸರಳುಗಳು. ಒಂದು ಬೆತ್ತದ ಕುರ್ಚಿ, ಅದರ ಬೆನ್ನಿಗೆ ಹಾಸಿದ ಕಡುನೀಲಿ ಇಳಕಲ್ ಸೀರೆ, ಕೆಂಪು ಸೆರಗು ನೆಲದವರೆಗೆ ಇಳಿಬಿದ್ದಂತೆ. ಪುಟ್ಟ ಮೇಜಿನ ಮೇಲೆ ಹಿತ್ತಾಳೆಯ ಚೊಂಬು, ಒಂದಿಷ್ಟು ಕನಕಾಂಬರ, ಅರ್ಧ ಸುಲಿದ ಕಿತ್ತಳೆ. ಅಲಂಕಾರಕ್ಕಾಗಿ ತಂದಿಟ್ಟ ವಸ್ತುಗಳು ಸೀರೆ ಮತ್ತು ಹಣ್ಣು ಮಾತ್ರ, ಉಳಿದದ್ದೆಲ್ಲ ಆ ಮನೆಯದೇ. ಸೆರಗಿನ ಕೆಂಪು ನೆಲದ ಕೆಂಪಿಗೆ ತಾಗುವ ಜಾಗ ಎಲ್ಲರನ್ನೂ ಕಷ್ಟಕ್ಕೆ ಸಿಕ್ಕಿಸಿತು. ಎರಡು ಕೆಂಪುಗಳನ್ನು ಪಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿ ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆ ಮೊದಲ ದಿನದ ಬೆಳಿಗ್ಗೆಯೇ ಎದುರಾಗುವಂತೆ ಅದನ್ನು ಬೇಕೆಂದೇ ಜೋಡಿಸಿದ್ದರೆಂಬುದು ನಮಗೆ ತಡವಾಗಿ ತಿಳಿಯಿತು.

ಪಾಠ ಆರಂಭವಾಗುವುದು ಮಾತಿನಿಂದಲ್ಲ, ಕುಂಚದಿಂದ. ಪೆನ್ಸಿಲ್ ಮುಟ್ಟಬಾರದು, ಅಳತೆಪಟ್ಟಿಯನ್ನಂತೂ ಕೇಳಲೇಬಾರದು. ತೆಳುವಾಗಿ ಕಲಸಿದ ನೀಲಿಯಲ್ಲಿ ನೇರವಾಗಿ ಕುಂಚದಿಂದಲೇ ಕೋಣೆಯ ಗೆರೆಗಳನ್ನು ಎಳೆಯಬೇಕು. ಕುರ್ಚಿಯ ಕಾಲು ಡೊಂಕಾದರೆ ತಿದ್ದಲು ಬಿಡುವುದಿಲ್ಲ. ಅಭಿವ್ಯಕ್ತಿಪ್ರಧಾನ ಶೈಲಿ ಎಂದರೆ ಮನಸ್ಸಿಗೆ ಬಂದಂತೆ ಬಳಿಯುವುದು ಎಂದು ತಿಳಿದು ಬಂದವರು ಇದರಿಂದ ಹಿಗ್ಗಿದರು. ಆದರೆ ಅವರ ಸಂತೋಷ ಊಟದ ವೇಳೆಯವರೆಗೂ ಉಳಿಯಲಿಲ್ಲ. ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು, "ಮೇಡಂ, ಗೋಡೆ ಹಳದಿಯಲ್ಲವೇ? ನೀಲಿ ಹಚ್ಚಿದರೆ ತಪ್ಪಾಗುವುದಿಲ್ಲವೇ?" ಎಂದು ಕೇಳಿದಾಗ, ಶಿಬಿರವನ್ನು ನಡೆಸುವ ಇಬ್ಬರಲ್ಲಿ ಹಿರಿಯರಾದ ಶಿಕ್ಷಕಿ, "ಗೋಡೆಗೆ ಏನೂ ತಪ್ಪಾಗುವುದಿಲ್ಲ ಸರ್. ಆದರೆ ಪಕ್ಕದ ಕಿಟಕಿಯ ಗತಿ ಏನಾಗುತ್ತದೆ, ಅದನ್ನು ನೋಡಿ" ಎಂದರು. ಎರಡು ದಿನಗಳ ಪಾಠದ ತಿರುಳು ಈ ಉತ್ತರದಲ್ಲಿದೆ. ಒಂದು ಬಣ್ಣವನ್ನು ಬದಲಿಸುವ ಸ್ವಾತಂತ್ರ್ಯ ನಿಮಗಿದೆ, ಆದರೆ ಬದಲಿಸಿದ ಕೂಡಲೇ ಅದರ ಸುತ್ತಲಿನ ಪ್ರತಿಯೊಂದು ಬಣ್ಣಕ್ಕೂ ನೀವು ಲೆಕ್ಕ ಕೊಡಬೇಕಾಗುತ್ತದೆ.

ಇದಕ್ಕೆ ಉದಾಹರಣೆಯಾಗಿ ಅವರು ತೋರಿಸಿದ ಚಿತ್ರಗಳ ಆಯ್ಕೆ ಚೆನ್ನಾಗಿತ್ತು. 1905ರಲ್ಲಿ ಪ್ಯಾರಿಸಿನ ಶರತ್ಕಾಲದ ಪ್ರದರ್ಶನದಲ್ಲಿ ವಿಮರ್ಶಕ ಲೂಯಿ ವೋಕ್ಸೆಲ್ ಯಾರನ್ನು ಕಾಡುಮೃಗಗಳೆಂದು ಹಂಗಿಸಿದನೋ ಆ ಚಿತ್ರಕಾರರ ಗುಂಪಿನ ಮುಂದಾಳು ಆನ್ರಿ ಮಾತಿಸ್. ಅವನು 1908ರಲ್ಲಿ ಊಟದ ಕೋಣೆಯೊಂದನ್ನು ಚಿತ್ರಿಸಿದಾಗ ಮೊದಲು ಅದರ ಗೋಡೆ ಮತ್ತು ಮೇಜುಬಟ್ಟೆ ನೀಲಿಯಾಗಿದ್ದವು; ಆಮೇಲೆ ಅವೆರಡನ್ನೂ ಕೆಂಪಾಗಿಸಿದ. ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಗೋಡೆ ಎಲ್ಲಿ ಮುಗಿಯಿತು, ಮೇಜು ಎಲ್ಲಿ ಆರಂಭವಾಯಿತು ಎಂಬುದನ್ನು ಒಂದು ಸಣ್ಣ ಗೆರೆ ಮಾತ್ರ ಹೇಳುತ್ತದೆ. 1911ರ ಕೆಂಪು ಸ್ಟುಡಿಯೊ ಚಿತ್ರದಲ್ಲಿಯೂ ಅದೇ ಕಥೆ: ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದವರು ಪರೀಕ್ಷಿಸಿದಾಗ ಕೆಂಪಿನ ಅಡಿಯಲ್ಲಿ ನೀಲಿ, ಗುಲಾಬಿ, ಓಕರ್ (ಮಣ್ಣಿನ ಹಳದಿ) ಬಣ್ಣದ ಮೊದಲಿನ ಕೋಣೆ ಇರುವುದು ಗೊತ್ತಾಯಿತು. ಆ ಚಿತ್ರದಲ್ಲಿ ಮೇಜು, ಕುರ್ಚಿ, ಮುಳ್ಳುಗಳಿಲ್ಲದ ನಿಲುಗಡಿಯಾರ ಇವುಗಳ ಅಂಚಿನಲ್ಲಿ ಕಾಣುವ ತೆಳು ಗೆರೆಗಳು ಕೆಂಪಿನ ಮೇಲೆ ಎಳೆದವಲ್ಲ. ಕೆಂಪನ್ನು ಬಳಿಯುವಾಗ ಕೆಳಗಿನ ಬಣ್ಣವನ್ನು ಸಣ್ಣದಾಗಿ ಬಿಟ್ಟುಕೊಂಡು ಹೋದದ್ದರಿಂದ ಉಂಟಾದವು. ನಮಗೂ ಹಾಗೆಯೇ ಮಾಡಿಸಿದರು: ಬೋರ್ಡಿಗೆ ಮೊದಲು ಪೂರ್ತಿಯಾಗಿ ಕಿತ್ತಳೆ ಬಣ್ಣವನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಒಂದೊಂದು ಬಣ್ಣವನ್ನೂ ಅದರ ಪಕ್ಕದ ಬಣ್ಣಕ್ಕೆ ತಾಗಿಸದೆ, ನಡುವೆ ಕಿತ್ತಳೆಯ ಎಳೆಯೊಂದು ಉಳಿಯುವಂತೆ ಹಚ್ಚಬೇಕು. ಇದರಿಂದ ಎರಡು ಲಾಭ. ಹಸಿಬಣ್ಣಗಳು ಒಂದಕ್ಕೊಂದು ಬೆರೆತು ಕೆಸರಾಗುವುದಿಲ್ಲ, ಮತ್ತು ಎಲ್ಲೆಡೆ ಇಣುಕುವ ಆ ಒಂದೇ ತಳಬಣ್ಣ ಜಗಳವಾಡುವ ಬಣ್ಣಗಳನ್ನು ಒಂದು ಕೋಣೆಯೊಳಗೆ ಕೂಡಿಸಿ ಇಡುತ್ತದೆ.

ಇಲ್ಲಿ ನನ್ನದೊಂದು ಸಣ್ಣ ಕೊರಗು. ಪ್ಯಾರಿಸ್ಸಿನವರೆಗೆ ಹೋದವರು ನಮ್ಮ ಕರಾವಳಿಗೆ ಇಳಿಯಲಿಲ್ಲ. ಉತ್ತರ ಕನ್ನಡ ಮತ್ತು ಗೋವೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾಣುವ ಕಾವಿ ಕಲೆಯ ಕ್ರಮವೂ ಬಹುಮಟ್ಟಿಗೆ ಇದೇ ಆಗಿದೆ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರವನ್ನು ಕೊಟ್ಟು, ಚೂಪಾದ ಸಲಾಕೆಯಿಂದ ಅದನ್ನು ಕೆರೆದು, ತಳದ ಬಿಳಿಯನ್ನೇ ಚಿತ್ರವಾಗಿ ಹೊರತೆಗೆಯುವುದು. ಅಲ್ಲಿ ಕೆರೆದು ತೆಗೆಯುತ್ತಾರೆ, ಇಲ್ಲಿ ಬಳಿಯದೆ ಬಿಡುತ್ತಾರೆ. ಎರಡರಲ್ಲಿಯೂ ಗೆರೆ ಕೆಳಪದರದ್ದು. ಕೆಂಪು ನೆಲದ ಮೇಲೆ ಕುಳಿತು ಪಾಠ ಮಾಡುವವರಿಗೆ ಇದನ್ನು ಹೇಳಲು ಎರಡು ನಿಮಿಷ ಸಾಕಾಗುತ್ತಿತ್ತು.

ಇಡೀ ಶಿಬಿರದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಯಾವುದೆಂದು ಕೇಳಿದರೆ, ಬಣ್ಣವನ್ನೇ ಮುಟ್ಟದ ಒಂದು ಗಂಟೆಯನ್ನು ಹೆಸರಿಸುತ್ತೇನೆ. ಕಪ್ಪು, ಬಿಳಿ ಮತ್ತು ನಡುವಿನ ಒಂದು ಬೂದು, ಈ ಮೂರರಲ್ಲಿ ಮಾತ್ರ ಅದೇ ಕೋಣೆಯನ್ನು ಅಂಗೈಯಗಲದ ಕಾಗದದ ಮೇಲೆ ಹಲವು ಬಾರಿ ಬರೆಯಿಸಿದರು. ಕಣ್ಣನ್ನು ಅರೆಮುಚ್ಚಿ ನೋಡಿದರೆ ಕೋಣೆಯ ವಿವರಗಳೆಲ್ಲ ಕರಗಿ ಕತ್ತಲು ಮತ್ತು ಬೆಳಕಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಆ ತುಂಡುಗಳು ಸರಿಯಾದ ಜಾಗದಲ್ಲಿದ್ದರೆ ಗೋಡೆಗೆ ಯಾವ ಬಣ್ಣ ಬಳಿದರೂ ಕೋಣೆ ಕುಸಿಯುವುದಿಲ್ಲ. ಹಳದಿ ಗೋಡೆಯನ್ನು ನೇರಳೆ ಮಾಡಬಹುದು, ಆದರೆ ಆ ನೇರಳೆ ಹಳದಿಯಷ್ಟೇ ತಿಳಿಯಾಗಿರಬೇಕು. ಕೆಂಪು ನೆಲ ಮತ್ತು ಹಸಿರು ಕಿಟಕಿ ಎರಡೂ ಒಂದೇ ಟೋನಿನಲ್ಲಿ, ಅಂದರೆ ಒಂದೇ ಮಟ್ಟದ ತಿಳಿ ಅಥವಾ ಕಡುವಿನಲ್ಲಿ, ಬಂದರೆ ಅವುಗಳ ಅಂಚು ಕಣ್ಣಿಗೆ ನಡುಗಿದಂತೆ ಕಾಣುತ್ತದೆ. ಆ ನಡುಕ ಬೇಕಿದ್ದರೆ ಹಾಗೆಯೇ ಬಿಡಬಹುದು, ಬೇಡವಾದರೆ ಒಂದನ್ನು ಕಡುವಾಗಿಸಬೇಕು. ಮೊಬೈಲಿನಲ್ಲಿ ಚಿತ್ರದ ಫೋಟೊ ತೆಗೆದು ಕಪ್ಪುಬಿಳುಪಿಗೆ ತಿರುಗಿಸಿ ನೋಡುವ ಉಪಾಯವನ್ನೂ ಹೇಳಿಕೊಟ್ಟರು. ಬಣ್ಣದ ಧೈರ್ಯವನ್ನು ಕಲಿಸುತ್ತೇವೆ ಎಂದು ಜಾಹೀರಾತು ಕೊಡುವ ಶಿಬಿರಗಳಲ್ಲಿ ಈ ಪಾಠವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ, ಏಕೆಂದರೆ ಇದು ನೋಡಲು ಆಕರ್ಷಕವಲ್ಲ ಮತ್ತು ಬೂದುಬಣ್ಣದ ಚೌಕಗಳ ಫೋಟೊವನ್ನು ಯಾರೂ ಹಂಚಿಕೊಳ್ಳುವುದಿಲ್ಲ.

ಈಗ ಪೆಟ್ಟಿಗೆಗೆ ಬರೋಣ. ಪ್ರತಿಯೊಬ್ಬರಿಗೂ ಹನ್ನೆರಡು ಸಣ್ಣ ಟ್ಯೂಬುಗಳ ವಿದ್ಯಾರ್ಥಿ ದರ್ಜೆಯ ಒಂದು ಸೆಟ್ ಕೊಡುತ್ತಾರೆ. ವಿದ್ಯಾರ್ಥಿ ದರ್ಜೆ ಎಂಬುದೇ ದೋಷವಲ್ಲ. ಕಲಿಯುವವರಿಗೆ ದುಬಾರಿ ಬಣ್ಣದ ಟ್ಯೂಬನ್ನು ಹಿಂಡಲು ಕೈ ಬರುವುದಿಲ್ಲ, ಕೈ ಬಿಗಿ ಹಿಡಿದರೆ ಈ ಶೈಲಿ ಒಲಿಯುವುದಿಲ್ಲ. ಆದರೆ ಈ ಸೆಟ್ಟಿನಲ್ಲಿ ಬಣ್ಣಕ್ಕಿಂತ ಪ್ರಮಾಣ ಹೆಚ್ಚಿಸಲು ಬೆರೆಸುವ ಪೂರಕ ಪುಡಿಯೇ ಹೆಚ್ಚೆನಿಸುವಷ್ಟು ಸಪ್ಪೆತನವಿತ್ತು. ಕ್ಯಾಡ್ಮಿಯಂ ರೆಡ್ ಹ್ಯೂ ಎಂದು ಬರೆದಿದ್ದ ಟ್ಯೂಬಿನಲ್ಲಿ ಕ್ಯಾಡ್ಮಿಯಂ ಎಂಬ ಲೋಹದಿಂದ ಮಾಡುವ ದುಬಾರಿ ಕೆಂಪು ಇರುವುದಿಲ್ಲ, ಅದರ ಬದಲಿಗೆ ಅಗ್ಗದ ಸಾವಯವ ಕೆಂಪು ಇರುತ್ತದೆ ಎಂಬುದು ಎಲ್ಲ ತಯಾರಕರ ವಿಷಯದಲ್ಲಿಯೂ ಸತ್ಯ, ಮತ್ತು ಒಳ್ಳೆಯ ತಯಾರಕರು ಆ ಬದಲಿ ಬಣ್ಣವನ್ನೂ ಗಟ್ಟಿಯಾಗಿಯೇ ಮಾಡುತ್ತಾರೆ. ಇಲ್ಲಿಯ ಕೆಂಪಾದರೋ ಎಷ್ಟು ಪಾರದರ್ಶಕವಾಗಿತ್ತೆಂದರೆ ಮೂರು ಪದರ ಬಳಿದರೂ ತಳದ ಕಿತ್ತಳೆ ಎಲ್ಲೆಡೆ ಕಾಣುತ್ತಿತ್ತು. ಅಂಚಿನಲ್ಲಿ ಮಾತ್ರ ಇಣುಕಬೇಕಾದ ತಳಬಣ್ಣ ನಡುಮನೆಗೇ ಬಂದು ಕುಳಿತಿತು. ಮುಚ್ಚಲೆಂದು ಬಿಳಿ ಬೆರೆಸಿದರೆ ಕೆಂಪು ಗುಲಾಬಿಯಾಗಿ, ಸೀಮೆಸುಣ್ಣದಂತೆ ಮಂಕಾಯಿತು. ಹಳದಿಯದೂ ಇದೇ ಪಾಡು. ಅಕ್ರಿಲಿಕ್‌ನ ಅಂಟು ಹಸಿಯಾಗಿರುವಾಗ ಹಾಲಿನಂತೆ ಬೆಳ್ಳಗಿದ್ದು ಒಣಗಿದ ಮೇಲೆ ತಿಳಿಯಾಗುವುದರಿಂದ ಯಾವ ಅಕ್ರಿಲಿಕ್ ಆದರೂ ಒಣಗಿದಾಗ ಒಂದಿಷ್ಟು ಕಡುವಾಗುವುದು ಸಹಜ. ಅಂಟು ಹೆಚ್ಚಾಗಿ ವರ್ಣದ್ರವ್ಯ (ಬಣ್ಣ ಕೊಡುವ ಪುಡಿ) ಕಡಿಮೆಯಿರುವ ಬಣ್ಣದಲ್ಲಿ ಆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ, ಆದ್ದರಿಂದ ಬೆಳಿಗ್ಗೆ ಕಷ್ಟಪಟ್ಟು ಹೊಂದಿಸಿದ ಟೋನ್ ಊಟ ಮುಗಿಸಿ ಬರುವುದರೊಳಗೆ ಬೇರೆಯಾಗಿರುತ್ತಿತ್ತು. ಪಾಠವೇನೋ ಬಣ್ಣವನ್ನು ನಂಬು ಎನ್ನುತ್ತದೆ, ಪೆಟ್ಟಿಗೆಯ ಬಣ್ಣ ಮಾತ್ರ ನಂಬಿಕೆಗೆ ಅರ್ಹವಲ್ಲ.

ನನಗೆ ಹೆಚ್ಚು ಬೇಸರ ತಂದದ್ದು ಇದು ಹಣ ಉಳಿಸುವ ಪ್ರಶ್ನೆಯೂ ಅಲ್ಲ ಎಂಬುದು. ಆ ಮನೆಯ ನೆಲಕ್ಕೆ ಸಿಮೆಂಟಿನೊಡನೆ ಬೆರೆಸಿದ ಪುಡಿ ಕಬ್ಬಿಣದ ಆಕ್ಸೈಡ್. ಮಾತಿಸ್ ತನ್ನ ಸ್ಟುಡಿಯೊಗೆ ಬಳಿದ ವೆನೀಷಿಯನ್ ಕೆಂಪು ಕೂಡ ಕಬ್ಬಿಣದ ಆಕ್ಸೈಡಿನದೇ. ಬಣ್ಣದಂಗಡಿಯಲ್ಲಿ ಲೈಟ್ ರೆಡ್, ರೆಡ್ ಆಕ್ಸೈಡ್, ಇಂಡಿಯನ್ ರೆಡ್ ಮುಂತಾದ ಹೆಸರುಗಳಲ್ಲಿ, ಹೆಚ್ಚಾಗಿ ಪಿಆರ್ 101 ಎಂಬ ವರ್ಣದ್ರವ್ಯ ಸಂಖ್ಯೆಯೊಂದಿಗೆ ಸಿಗುವ ಈ ಕೆಂಪುಗಳು ಕಲಾವಿದರ ದರ್ಜೆಯಲ್ಲಿಯೂ ಅತ್ಯಂತ ಅಗ್ಗದ ಶ್ರೇಣಿಗೆ ಸೇರಿದವು; ಅಷ್ಟೇ ಅಲ್ಲ, ಒಂದೇ ಪದರದಲ್ಲಿ ತಳವನ್ನು ಪೂರ್ತಿ ಮುಚ್ಚುವಷ್ಟು ಗಟ್ಟಿ, ಬಿಸಿಲಿಗೂ ಮಾಸುವುದಿಲ್ಲ. ಹನ್ನೆರಡು ಟ್ಯೂಬುಗಳ ಬದಲು ಐದೇ ಟ್ಯೂಬು ಕೊಟ್ಟು, ಅವುಗಳಲ್ಲಿ ಒಂದು ಈ ಕೆಂಪಾಗಿದ್ದರೆ, ನೆಲದ ಸಮಸ್ಯೆ ಅರ್ಧಕ್ಕರ್ಧ ಬಗೆಹರಿಯುತ್ತಿತ್ತು. ಸೆಟ್ಟಿನಲ್ಲಿದ್ದ ಸಿದ್ಧ ನೇರಳೆ, ಸಿದ್ಧ ಕಿತ್ತಳೆ ಮತ್ತು ಎರಡು ಬಗೆಯ ಸಿದ್ಧ ಹಸಿರುಗಳನ್ನು ಬೆರೆಸಿಯೇ ಪಡೆಯಬಹುದಾಗಿತ್ತು. ಬೆರೆಸುವುದನ್ನು ಕಲಿಯಲು ಬಂದವರಿಗೆ ಅವು ಬೇಕಾಗಿಯೇ ಇರಲಿಲ್ಲ. ಊಟದ ನಂತರ ಕಿರಿಯ ಶಿಕ್ಷಕರು ತಮ್ಮ ಸ್ವಂತ ಚೀಲದಿಂದ ರೆಡ್ ಆಕ್ಸೈಡಿನ ಡಬ್ಬಿಯೊಂದನ್ನು ತೆಗೆದು ಕೇಳಿದವರಿಗೆಲ್ಲ ಒಂದೊಂದು ಚಮಚ ಹಂಚಿದರು. ಆ ಉದಾರತೆಗೆ ವಂದನೆ ಸಲ್ಲಬೇಕು, ಆದರೆ ಸಮಸ್ಯೆ ಅವರಿಗೆ ಮೊದಲೇ ಗೊತ್ತಿತ್ತೆಂಬುದಕ್ಕೆ ಆ ಡಬ್ಬಿಯೇ ಸಾಕ್ಷಿ.

ಬಣ್ಣ ಬಾಳುವ ವಿಷಯವನ್ನು ಅಲಕ್ಷಿಸಬಾರದೆಂಬುದಕ್ಕೆ ಶಿಬಿರದಲ್ಲಿ ತೋರಿಸಿದ ಇನ್ನೊಂದು ಚಿತ್ರವೇ ಉದಾಹರಣೆ. ವ್ಯಾನ್ ಗೋ 1888ರ ಅಕ್ಟೋಬರಿನಲ್ಲಿ ಆರ್ಲ್ಸ್ ಪಟ್ಟಣದ ತನ್ನ ಮಲಗುವ ಕೋಣೆಯನ್ನು ಚಿತ್ರಿಸಿದ. ಮುಂದಿನ ವರ್ಷ ಅದನ್ನೇ ಇನ್ನೆರಡು ಬಾರಿ ಬರೆದ. ನಾವೆಲ್ಲ ಅದನ್ನು ನೀಲಿ ಗೋಡೆಯ ಕೋಣೆಯೆಂದೇ ಬಲ್ಲೆವು. ಅವನು ಬಳಿದದ್ದು ನೇರಳೆ. ನೀಲಿಯೊಡನೆ ಬೆರೆಸಿದ್ದ ಕೆಂಪು ಬೆಳಕಿಗೆ ಮಾಸುವ ಜಾತಿಯದಾದ್ದರಿಂದ ಕಾಲಕ್ರಮದಲ್ಲಿ ಅದು ಅಳಿದು ನೀಲಿ ಮಾತ್ರ ಉಳಿಯಿತು. ಹಳದಿ ಮಂಚದ ಎದುರು ನೇರಳೆ ಗೋಡೆಯನ್ನು ನಿಲ್ಲಿಸಿದ ಅವನ ಲೆಕ್ಕಾಚಾರ ಇವತ್ತಿನ ಚಿತ್ರದಲ್ಲಿ ಕಾಣುವುದೇ ಇಲ್ಲ. ಶಿಕ್ಷಕಿ ಈ ಕಥೆಯನ್ನು ತುಂಬಾ ಚೆನ್ನಾಗಿ ಹೇಳಿದರು. ಕೇಳಿದ ಮೇಲೆ ನನ್ನ ಕೈಯಲ್ಲಿದ್ದ ನೇರಳೆ ಟ್ಯೂಬನ್ನು ತಿರುಗಿಸಿ ನೋಡಿದೆ: ಅದರ ಮೇಲೆ ವರ್ಣದ್ರವ್ಯದ ಸಂಖ್ಯೆಯೂ ಇರಲಿಲ್ಲ, ಬೆಳಕಿಗೆ ಎಷ್ಟು ಬಾಳುತ್ತದೆಂಬ ಗುರುತೂ ಇರಲಿಲ್ಲ.

ಎರಡನೆಯ ದಿನದ ಅಭ್ಯಾಸ ಮೊದಲನೆಯದಕ್ಕಿಂತ ಸಾಹಸದ್ದು. ಬೆಳಿಗ್ಗೆ ಅರ್ಧ ಗಂಟೆ ಅದೇ ಕೋಣೆಯಲ್ಲಿ ಕುಳಿತು ಪೆನ್ಸಿಲಿನಿಂದ ಸಣ್ಣ ಟಿಪ್ಪಣಿ ಚಿತ್ರಗಳನ್ನು ಮಾಡಿಕೊಂಡು, ಪಕ್ಕದಲ್ಲಿ ಬಣ್ಣಗಳ ಹೆಸರು ಗುರುತಿಸಿಕೊಂಡು, ನಂತರ ಹಿಂದಿನ ಪಡಸಾಲೆಗೆ ಹೋಗಿ ನೆನಪಿನಿಂದಲೇ ಚಿತ್ರಿಸಬೇಕು. ಫ್ರೆಂಚ್ ಚಿತ್ರಕಾರ ಪಿಯರ್ ಬೊನಾರ್ ಕೆಲಸ ಮಾಡುತ್ತಿದ್ದದ್ದು ಹೀಗೆ. ತನ್ನ ಮನೆಯ ಊಟದ ಮೇಜು, ಕಿಟಕಿ, ಸ್ನಾನದ ತೊಟ್ಟಿಗಳನ್ನು ಅವನು ಸಣ್ಣ ಪೆನ್ಸಿಲ್ ಚಿತ್ರಗಳ ಮತ್ತು ನೆನಪಿನ ಬಲದಿಂದ, ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಕ್ಯಾನ್ವಾಸಿನ ಮೇಲೆ ಬರೆಯುತ್ತಿದ್ದ. ಕೋಣೆ ಕಣ್ಣಿಂದ ಮರೆಯಾದ ಕೂಡಲೇ ಆಗುವ ಬದಲಾವಣೆ ಆಶ್ಚರ್ಯಕರ. ಹಿಂದಿನ ದಿನ ಕಿಟಕಿಯ ಪ್ರತಿಯೊಂದು ಸರಳನ್ನೂ ಎಣಿಸಿ ಬರೆದವರು ಇಂದು ಎರಡೋ ಮೂರೋ ಸರಳುಗಳಲ್ಲಿ ತೃಪ್ತರಾದರು; ಚೊಂಬು ಕುರ್ಚಿಯಷ್ಟು ದೊಡ್ಡದಾಯಿತು; ಸೀರೆಯ ಅಂಚಿನ ವಿನ್ಯಾಸ ನೆಲದ ಮೇಲೆಲ್ಲ ಹರಡಿತು. ಒಬ್ಬ ಕಾಲೇಜು ವಿದ್ಯಾರ್ಥಿನಿಯ ಚಿತ್ರದಲ್ಲಂತೂ ಕೋಣೆಯೆಂದರೆ ಕೆಂಪಿನ ನಡುವೆ ನೀಲಿ ಸೀರೆ ಮತ್ತು ಒಂದು ಹಸಿರು ಬೆಳಕು, ಅಷ್ಟೇ. ಆದರೂ ಅದು ಅದೇ ಕೋಣೆ ಎಂಬುದರಲ್ಲಿ ಯಾರಿಗೂ ಸಂದೇಹ ಬರಲಿಲ್ಲ. ಮೊದಲ ದಿನದ ಚಿತ್ರ ಮತ್ತು ಎರಡನೆಯ ದಿನದ ಚಿತ್ರವನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದಾಗ ಬಹುತೇಕ ಎಲ್ಲರದ್ದೂ ಎರಡನೆಯದೇ ಜೀವಂತವಾಗಿತ್ತು. ನನ್ನ ಅಭಿಪ್ರಾಯದಲ್ಲಿ ಶಿಬಿರಕ್ಕೆ ಹೋಗಲು ಈ ಒಂದು ಅಭ್ಯಾಸವೇ ಸಾಕಷ್ಟು ಕಾರಣ.

ಕಲಿಸುವ ರೀತಿಯಲ್ಲಿ ಒಂದು ತಕರಾರಿದೆ. ಕಿರಿಯ ಶಿಕ್ಷಕರು ತಿದ್ದುವಾಗ ಶಿಬಿರಾರ್ಥಿಯ ಕುಂಚವನ್ನು ತಾವೇ ತೆಗೆದುಕೊಂಡು ನಾಲ್ಕು ಏಟು ಹಾಕಿಬಿಡುತ್ತಾರೆ. ಆ ಏಟುಗಳು ಚೆನ್ನಾಗಿಯೇ ಇರುತ್ತವೆ, ತೊಂದರೆಯೂ ಅದೇ: ಒಂದು ಅಂಜುಬುರುಕ ಚಿತ್ರದ ನಡುವೆ ನಾಲ್ಕು ಪಳಗಿದ ಏಟುಗಳು ಕುಳಿತರೆ ಉಳಿದ ಚಿತ್ರವನ್ನು ಅದರ ಮಟ್ಟಕ್ಕೆ ಏರಿಸುವುದೂ ಆಗುವುದಿಲ್ಲ, ಅದನ್ನು ಅಳಿಸಲು ಮನಸ್ಸೂ ಬರುವುದಿಲ್ಲ. ಹಿರಿಯರು ಹಾಗೆ ಮಾಡಲಿಲ್ಲ. ಹಿಂದೆ ನಿಂತು, ಎರಡು ಹೆಜ್ಜೆ ಹಿಂದಕ್ಕೆ ಕರೆದು, "ಇಲ್ಲಿಂದ ನೋಡಿ ಹೇಳಿ" ಎಂದು ಕೇಳುತ್ತಿದ್ದರು. ಪಾಠ ಕನ್ನಡದಲ್ಲಿಯೇ ನಡೆಯುತ್ತದೆ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಮತ್ತೆ ಹೇಳುತ್ತಾರೆ. ಇದರಿಂದ ಸ್ವಲ್ಪ ಸಮಯ ಹೋದರೂ ಯಾರೂ ಹಿಂದುಳಿಯಲಿಲ್ಲ.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಊಟ ಬಾಳೆಲೆಯ ಮೇಲೆ, ಸರಳ ಮತ್ತು ರುಚಿ. ನೀರು ಬದಲಿಸಲು ಹಿತ್ತಲಿನಲ್ಲಿ ತೊಟ್ಟಿಯಿದೆ. ವಾಹನ ನಿಲ್ಲಿಸಲು ಜಾಗವಿಲ್ಲ, ಮೆಟ್ರೊದಲ್ಲಿ ಬರುವುದು ಒಳ್ಳೆಯದು. ಮಧ್ಯಾಹ್ನ ನಾಲ್ಕರ ನಂತರ ಕಿಟಕಿಯ ಬೆಳಕು ಇಳಿದು ಟ್ಯೂಬ್‌ಲೈಟ್ ಹಾಕಿದಾಗ ಎಲ್ಲರ ಕೆಂಪುಗಳೂ ಕಂದಿದವು. ಇದಕ್ಕೆ ಎರಡು ಒಳ್ಳೆಯ ದೀಪಗಳನ್ನು ಹಾಕಿಸುವುದು ಸಂಘಟಕರಿಗೆ ಕಷ್ಟವಾಗಲಾರದು. ಫ್ಯಾನಿನ ಗಾಳಿಗೆ ಅಕ್ರಿಲಿಕ್ ಪ್ಯಾಲೆಟ್ಟಿನಲ್ಲಿಯೇ ಬೇಗ ಒಣಗುತ್ತದೆ. ಒದ್ದೆ ಬಟ್ಟೆಯ ಮೇಲೆ ಬೆಣ್ಣೆಕಾಗದ ಹಾಸಿ ಅದರ ಮೇಲೆ ಬಣ್ಣ ಹಿಂಡಿಕೊಳ್ಳುವ ಉಪಾಯವನ್ನು ಮೊದಲ ದಿನವೇ ಹೇಳಿದ್ದರೆ ಅರ್ಧ ಟ್ಯೂಬು ಉಳಿಯುತ್ತಿತ್ತು. ಕೊಟ್ಟ ಕುಂಚಗಳಲ್ಲಿ ಒಂದಿಂಚಿನ ಚಪ್ಪಟೆ ಕುಂಚ ಚೆನ್ನಾಗಿದೆ, ಸಣ್ಣವು ಕೂದಲುದುರಿಸುತ್ತವೆ.

ಕುಂಚವನ್ನೇ ಹಿಡಿಯದವರಿಗಿಂತ ಸ್ವಲ್ಪ ಜಲವರ್ಣವನ್ನೋ ಪೋಸ್ಟರ್ ಬಣ್ಣವನ್ನೋ ಬಳಸಿ, ಎದುರಿಗಿರುವುದನ್ನು ಹಾಗೆಯೇ ಬರೆದು ಬೇಸತ್ತವರಿಗೆ ಈ ಶಿಬಿರ ಹೆಚ್ಚು ಒಗ್ಗುತ್ತದೆ. ಮಕ್ಕಳಿಗೆ ಬೇಡ, ಬೂದುಬಣ್ಣದ ಆ ಒಂದು ಗಂಟೆ ಅವರಿಗೆ ಶಿಕ್ಷೆಯಾದೀತು. ನೋಂದಣಿ ಮಾಡುವಾಗ ಬಣ್ಣದ ಪೆಟ್ಟಿಗೆ ಬೇಡವೆಂದು ಹೇಳಿದರೆ ಶುಲ್ಕದಲ್ಲಿ 600 ರೂಪಾಯಿ ಕಡಿಮೆ ಮಾಡುತ್ತಾರೆ. ಈ ಸೌಲಭ್ಯವನ್ನು ಅವರಾಗಿಯೇ ತಿಳಿಸುವುದಿಲ್ಲ, ಕೇಳಬೇಕು. ಆ ಹಣಕ್ಕೆ ಇನ್ನೊಂದಿಷ್ಟು ಸೇರಿಸಿ ರೆಡ್ ಆಕ್ಸೈಡ್, ಅಲ್ಟ್ರಾಮರೀನ್ ನೀಲಿ, ಯೆಲ್ಲೊ ಓಕರ್ ಮತ್ತು ದೊಡ್ಡ ಟ್ಯೂಬಿನ ಟೈಟಾನಿಯಂ ಬಿಳಿ ಕೊಂಡರೆ ಆ ಕೋಣೆಯ ಬಹುಭಾಗ ನಿಮ್ಮ ಕೈಗೆ ಬಂದಂತೆಯೇ. ಸೆರಗಿನ ಕೆಂಪಿಗಾಗಿ ಮಾತ್ರ ಪಿವಿ 19 ಎಂಬ ಗುರುತಿರುವ ಕ್ವಿನಾಕ್ರಿಡೋನ್ ಕೆಂಪಿನ ಸಣ್ಣ ಟ್ಯೂಬನ್ನೂ, ಕಿಟಕಿಯ ಹಸಿರಿಗೆ ಮತ್ತು ತಳದ ಕಿತ್ತಳೆಗೆ ಒಂದು ಗಟ್ಟಿ ಹಳದಿಯನ್ನೂ ಜೊತೆಗೆ ಇಟ್ಟುಕೊಳ್ಳಿ.